ಕುಂಬ್ಳೆಯವರ ಮಾತು ಮತ್ತು ಮೌನ

ಮದ್ದೂರು ತಾಲೂಕಿನ ಚಿಕ್ಕರಸಿನಕೆರೆಯಂಥ ಊರಿನ ಹುಡುಗರಿಗೆ ಕ್ರಿಕೆಟ್ ಕಲಿಸುವವರು ಯಾರು? ಬಹುಪಾಲು ಟಿವಿಯೇ. ಆದ್ದರಿಂದ ಅನಿಲ್ ಕುಂಬ್ಳೆಯವರ ವಿಶ್ಲೇಷಣೆಯನ್ನು ನಾವು ಬರಿಯ ಮನರಂಜನೆಯೆಂದು ಕಾಣಲಾರೆವು.

ಅವರ ಆಟದ ಬಗ್ಗೆ ತಕರಾರಿಲ್ಲ. 132 ಟೆಸ್ಟ್, 619 ವಿಕೆಟ್. 2002ರಲ್ಲಿ ಆಂಟಿಗುವಾದಲ್ಲಿ ಮುರಿದ ದವಡೆಗೆ ಪಟ್ಟಿ ಕಟ್ಟಿಕೊಂಡು ಬಂದು ಲಾರಾ ವಿಕೆಟ್ ಪಡೆದದ್ದನ್ನು ಯಾರೂ ಮರೆತಿಲ್ಲ. 2008ರಲ್ಲಿ ನಿವೃತ್ತರಾದ ಮೇಲೆ ಟೆನ್‌ವಿಕ್ ಎಂಬ ಕ್ರೀಡಾ ಕಂಪೆನಿ ಕಟ್ಟಿದರು. 2010ರಲ್ಲಿ ರಾಜ್ಯ ಕ್ರಿಕೆಟ್ ಸಂಸ್ಥೆಯ ಅಧ್ಯಕ್ಷರಾದರು. ಆಟಗಾರರ ವ್ಯವಹಾರ ನೋಡುವ ಕಂಪೆನಿಯೂ ಆಡಳಿತದ ಕುರ್ಚಿಯೂ ಒಬ್ಬರ ಬಳಿಯೇ ಇರಬಹುದೇ ಎಂಬ ಪ್ರಶ್ನೆ ಆಗಲೇ ಎದ್ದಿತ್ತು. ಅದರಲ್ಲಿ ತಪ್ಪಿಲ್ಲವೆಂದು ಅವರು ಸಮರ್ಥಿಸಿಕೊಂಡರು.

2022ರವರೆಗೆ ಪಂಜಾಬ್ ಕಿಂಗ್ಸ್ ತಂಡದ ಕೋಚ್, 2023ರಲ್ಲಿ ಅದೇ ಐಪಿಎಲ್‌ನ ವಿಶ್ಲೇಷಕ. ಅಬ್ಬರವಿಲ್ಲದ ಮಾತು, ಸ್ಪಿನ್ ಬೌಲರನ ಲೆಕ್ಕಾಚಾರವನ್ನು ಬಿಡಿಸಿ ಹೇಳುವ ಜಾಣ್ಮೆ ನಮಗೆ ಮೆಚ್ಚುಗೆ. ಆದರೆ ಆಟದ ಹಣ, ಅಧಿಕಾರದ ಬಗ್ಗೆ ಅವರ ಬಾಯಿಂದ ನಾವು ಕೇಳಿದ್ದು ಕಡಿಮೆ. ಆ ಎರಡನ್ನೂ ಒಳಗಿನಿಂದ ಕಂಡವರು ಅವರು. ಹಳ್ಳಿಯ ಹುಡುಗನಿಗೆ ಚೆಂಡಿನ ತಿರುವಿನಷ್ಟೇ ಈ ತಿಳುವಳಿಕೆಯೂ ಬೇಕು. ದವಡೆ ಮುರಿದಾಗಲೂ ಬೌಲಿಂಗ್ ಬಿಡದವರು ಈಗ ಸುಮ್ಮನಿರಬಾರದು.