ದೊಡ್ಡ ಕ್ಯಾಮೆರಾ ಯಾವ ಕೆಲಸಕ್ಕೆ ಬೇಕು?

ಬಳ್ಳಾರಿ, ಕುರುಗೋಡು, ಸಿರುಗುಪ್ಪ ಸೀಮೆಯಲ್ಲಿ ಮದುವೆ, ಗೃಹಪ್ರವೇಶ, ಜಾತ್ರೆಗಳ ಫೋಟೊ ತೆಗೆಯುವವರ ಮೊದಲ ಕ್ಯಾಮೆರಾ ಬಹಳ ಸಲ ಕ್ಯಾನನ್ 1500ಡಿ ತರಹದ ಕ್ರಾಪ್ ಸೆನ್ಸರ್ ಡಿಎಸ್‌ಎಲ್‌ಆರ್ ಆಗಿರುತ್ತದೆ. ಜತೆಗೆ ಪೆಟ್ಟಿಗೆಯಲ್ಲೇ ಬಂದ 18–55 ಕಿಟ್ ಲೆನ್ಸ್. ಒಂದೆರಡು ಮದುವೆ ಸೀಸನ್ ಕಳೆಯುವಷ್ಟರಲ್ಲಿ ಫುಲ್ ಫ್ರೇಮ್ ಮಿರರ್‌ಲೆಸ್‌ಗೆ ಹೋಗುವ ಮಾತು ಶುರುವಾಗುತ್ತದೆ. ಕ್ಯಾಮೆರಾ ಬದಲಿಸುವುದು ಎಂದರೆ ಬಾಡಿ ಬದಲಿಸುವುದು ಎಂದೇ ಎಲ್ಲರ ಲೆಕ್ಕ. ಈ ರೂಢಿ ಎಷ್ಟು ಸರಿ ಎಂಬುದು ಕೆಲಸದಿಂದ ಕೆಲಸಕ್ಕೆ ಬೇರೆಯಾಗುತ್ತದೆ. ಕೈಯಲ್ಲಿರುವ ಕ್ಯಾಮೆರಾದಲ್ಲಿ ಯಾವ ಫೋಟೊ ಕೆಡುತ್ತಿದೆ, ಅದು ಕೆಡುತ್ತಿರುವುದು ಬಾಡಿಯಿಂದಲೋ ಲೆನ್ಸಿನಿಂದಲೋ ಬೆಳಕಿನಿಂದಲೋ ಎಂದು ಬಿಡಿಸಿ ನೋಡಿದರೆ ಮಾತ್ರ ಉತ್ತರ ಸಿಗುತ್ತದೆ.

ಹೆಚ್ಚು ಕೇಳಿಬರುವ ದೂರು ಮಂದ ಬೆಳಕಿನದು. ಕಲ್ಯಾಣ ಮಂಟಪದೊಳಗೆ ಐಎಸ್‌ಒ 6400ಕ್ಕೆ ಏರಿಸಿದರೆ ಫೋಟೊದಲ್ಲಿ ಕಾಳುಕಾಳಾಗಿ ನಾಯ್ಸ್ ಕಾಣುತ್ತದೆ. ಫುಲ್ ಫ್ರೇಮ್ ಕೊಂಡರೆ ಇದು ಹೋಗುತ್ತದೆ ಎಂಬ ನಂಬಿಕೆ ಇದೆ. ನಂಬಿಕೆಯಲ್ಲಿ ಸತ್ಯವಿದೆ, ಆದರೆ ಅದಕ್ಕೊಂದು ಮಿತಿ ಇದೆ. ಫುಲ್ ಫ್ರೇಮ್ ಸೆನ್ಸರ್ 36×24 ಮಿ.ಮೀ., ಕ್ಯಾನನ್‌ನ ಕ್ರಾಪ್ ಸೆನ್ಸರ್ 22.3×14.9 ಮಿ.ಮೀ. ವಿಸ್ತೀರ್ಣ ಲೆಕ್ಕ ಹಾಕಿದರೆ ದೊಡ್ಡದು ಚಿಕ್ಕದರ 2.6 ಪಟ್ಟು. ಅಪರ್ಚರ್ ಮತ್ತು ಷಟರ್ ಅದೇ ಇದ್ದರೆ ಸಿಗುವ ಬೆಳಕಿನ ಲಾಭವೂ ಸುಮಾರು ಅಷ್ಟೇ. ಕಿಟ್ ಲೆನ್ಸ್ ಅನ್ನು 55 ಮಿ.ಮೀ.ಗೆ ಎಳೆದಾಗ ಅದರ ಅಪರ್ಚರ್ ಎಫ್/5.6. ಅದರ ಬದಲು 50 ಮಿ.ಮೀ. ಎಫ್/1.8 ಲೆನ್ಸ್ ಹಾಕಿದರೆ ಒಳಗೆ ಬರುವ ಬೆಳಕು ಒಂಬತ್ತು ಪಟ್ಟಿಗಿಂತ ಹೆಚ್ಚು. ಐಎಸ್‌ಒ 6400 ಬೇಕಿದ್ದ ಕಡೆ 800ರೊಳಗೆ ಕೆಲಸ ಮುಗಿಯುತ್ತದೆ. ಕ್ಯಾನನ್ ಲೆನ್ಸ್‌ಗಳಲ್ಲೇ ಅತಿ ಅಗ್ಗದ್ದರ ಪೈಕಿ ಇದೂ ಒಂದು. ಅಂದರೆ ಹೊಸ ಬಾಡಿಯ ಮೇಲೆ ಲಕ್ಷಗಟ್ಟಲೆ ಸುರಿದು ಪಡೆಯುವ ಲಾಭಕ್ಕಿಂತ ದೊಡ್ಡ ಲಾಭ ಒಂದು ಸಣ್ಣ ಲೆನ್ಸಿನಲ್ಲಿದೆ.

ಫುಲ್ ಫ್ರೇಮ್ ಬಾಡಿ ಕೊಂಡು ಲೆನ್ಸಿಗೆ ಹಣ ಸಾಲದೆ ಹೋದವರ ಸ್ಥಿತಿ ಇನ್ನೂ ವಿಚಿತ್ರ. ಕ್ಯಾನನ್‌ನ ಫುಲ್ ಫ್ರೇಮ್ ಮಿರರ್‌ಲೆಸ್ ಬಾಡಿಗಳ ಜತೆ ಅಗ್ಗದ ಕಿಟ್ ಆಗಿ ಬರುವ 24–105 ಲೆನ್ಸಿನ ಅಪರ್ಚರ್ ಉದ್ದದ ತುದಿಯಲ್ಲಿ ಎಫ್/7.1. ಹಳೆಯ ಕಿಟ್ ಲೆನ್ಸಿನ ಎಫ್/5.6ಕ್ಕೆ ಹೋಲಿಸಿದರೆ ಇಲ್ಲಿ ಬೆಳಕು ಕಡಿಮೆ. ದೊಡ್ಡ ಸೆನ್ಸರ್ ತಂದ 2.6 ಪಟ್ಟು ಲಾಭದಲ್ಲಿ ಒಂದು ಭಾಗವನ್ನು ಲೆನ್ಸ್ ತಿಂದುಹಾಕಿ, ಉಳಿಯುವುದು ಒಂದೂವರೆ ಪಟ್ಟಿನ ಆಸುಪಾಸು. ಎಫ್/1.8ಕ್ಕೂ ತನ್ನದೇ ಮಿತಿ ಉಂಟು. ಅಷ್ಟು ತೆರೆದಾಗ ಹತ್ತಿರದಿಂದ ತೆಗೆದ ಫೋಟೊದಲ್ಲಿ ವಧುವಿನ ಮುಖ ಫೋಕಸ್‌ನಲ್ಲಿದ್ದರೆ ಪಕ್ಕದಲ್ಲಿ ಅರ್ಧ ಅಡಿ ಹಿಂದೆ ನಿಂತ ವರನ ಮುಖ ಮಸುಕಾಗುತ್ತದೆ. ಇಪ್ಪತ್ತು ಜನ ಎರಡು ಸಾಲಾಗಿ ನಿಲ್ಲುವ ಗ್ರೂಪ್ ಫೋಟೊಗೆ ಎಫ್/5.6 ಅಥವಾ ಎಫ್/8 ಬೇಕೇ ಬೇಕು. ಅಲ್ಲಿ ಬೇಕಾದದ್ದು ಹೊಸ ಬಾಡಿಯೂ ಅಲ್ಲ, ಹೊಸ ಲೆನ್ಸೂ ಅಲ್ಲ. ಎರಡು ಫ್ಲಾಶ್, ಎರಡು ಸ್ಟ್ಯಾಂಡ್, ಎರಡು ಕೊಡೆ.

ಎರಡನೆಯ ಆಕರ್ಷಣೆ ಮೆಗಾಪಿಕ್ಸೆಲ್. ಮದುವೆ ಆಲ್ಬಂನಲ್ಲಿ ಇಂದು ಹೆಚ್ಚು ನಡೆಯುವುದು 12×36 ಇಂಚಿನ ಕರಿಜ್ಮಾ. ತೆರೆದಿಟ್ಟಾಗ ಕಾಣುವ ಒಂದು ಮಗ್ಗುಲು 12×18 ಇಂಚು. ಅದನ್ನು ಪೂರ್ತಿ ತುಂಬುವ ಒಂದೇ ಫೋಟೊವನ್ನು ಇಂಚಿಗೆ 300 ಪಿಕ್ಸೆಲ್‌ನಂತೆ ಮುದ್ರಿಸಲು 5400×3600 ಪಿಕ್ಸೆಲ್ ಬೇಕು, ಅಂದರೆ 19.4 ಮೆಗಾಪಿಕ್ಸೆಲ್. 1500ಡಿಯಲ್ಲಿ ಆಗಲೇ 24 ಮೆಗಾಪಿಕ್ಸೆಲ್ ಇದೆ. ಅಲ್ಲಿಂದ 45 ಮೆಗಾಪಿಕ್ಸೆಲ್‌ಗೆ ಹೋದರೆ ಚಿತ್ರದ ಉದ್ದ ಅಗಲ ಹೆಚ್ಚುವುದು ಶೇಕಡಾ ಮೂವತ್ತೇಳು ಮಾತ್ರ. ಎರಡರಷ್ಟಾಗಲು 96 ಮೆಗಾಪಿಕ್ಸೆಲ್ ಬೇಕಾಗುತ್ತದೆ. ಖರ್ಚು ಮಾತ್ರ ನೇರವಾಗಿ ಏರುತ್ತದೆ. ಒಂದು ಮದುವೆಗೆ 2500 ಫೋಟೊ ತೆಗೆದರೆ 24 ಮೆಗಾಪಿಕ್ಸೆಲ್‌ನ ರಾ ಫೈಲ್‌ಗಳು ಸುಮಾರು 70 ಜಿಬಿ ಜಾಗ ಹಿಡಿದರೆ, 45 ಮೆಗಾಪಿಕ್ಸೆಲ್‌ನವು 120 ಜಿಬಿಯ ಹತ್ತಿರ ಹೋಗುತ್ತವೆ. ಕಾರ್ಡ್, ಹಾರ್ಡ್ ಡಿಸ್ಕ್, ಎಡಿಟಿಂಗ್ ಮಾಡುವ ಕಂಪ್ಯೂಟರ್ ಮೂರೂ ಬದಲಾಗಬೇಕಾದೀತು.

ಬಾಡಿಯೇ ನಿಜವಾಗಿ ಸೋಲುವ ಜಾಗವೂ ಮದುವೆಯಲ್ಲಿದೆ. ತಾಳಿ ಕಟ್ಟುವ ಗಳಿಗೆ ಇರುವುದು ಕೆಲವೇ ಸೆಕೆಂಡು. ಆ ಹೊತ್ತಿಗೇ ನಾಲ್ಕೂ ಕಡೆಯಿಂದ ಅಕ್ಕಿಕಾಳು ಹಾರುತ್ತವೆ, ನಡುವೆ ಹಿರಿಯರ ಕೈಗಳು ಅಡ್ಡ ಬರುತ್ತವೆ. 1500ಡಿಯಲ್ಲಿ ಇರುವುದು ಒಂಬತ್ತು ಫೋಕಸ್ ಬಿಂದು, ಅವುಗಳಲ್ಲಿ ನೆಚ್ಚಬಹುದಾದದ್ದು ನಡುವಿನದೊಂದೇ. ಸೆಕೆಂಡಿಗೆ ಮೂರು ಫೋಟೊದಂತೆ ನಾಲ್ಕು ಸೆಕೆಂಡಿಗೆ ಹನ್ನೆರಡು ಫ್ರೇಮ್ ಸಿಕ್ಕರೆ, ಅವುಗಳಲ್ಲಿ ಕೆಲವು ಅಡ್ಡ ಬಂದ ಕೈಗೆ ಫೋಕಸ್ ಆಗಿರುತ್ತವೆ. ಕಣ್ಣು, ಮುಖಗಳನ್ನು ತಾನೇ ಗುರುತಿಸಿ ಹಿಂಬಾಲಿಸುವ ಮಿರರ್‌ಲೆಸ್ ಬಾಡಿಗಳು ಈ ತೊಂದರೆಯನ್ನು ಬಹುಮಟ್ಟಿಗೆ ನೀಗಿಸಿವೆ. ಇದಕ್ಕೆ ಫುಲ್ ಫ್ರೇಮೇ ಆಗಬೇಕೆಂದಿಲ್ಲ. 2023ರಲ್ಲಿ ಬಂದ ಕ್ಯಾನನ್ ಆರ್50 ಅದೇ ಅಳತೆಯ ಕ್ರಾಪ್ ಸೆನ್ಸರ್‌ನದು. ಆದರೂ ಮುಖವನ್ನು ಹಿಂಬಾಲಿಸುತ್ತ ಸೆಕೆಂಡಿಗೆ ಹನ್ನೆರಡು ಫ್ರೇಮ್ ತೆಗೆಯುತ್ತದೆ. ಅದರ ಕೊರತೆ ಬೇರೆ ಕಡೆ ಇದೆ: ಕಾರ್ಡ್ ಹಾಕಲು ಒಂದೇ ಸ್ಲಾಟ್. ಮದುವೆಯ ನಡುವೆ ಕಾರ್ಡ್ ಕೈಕೊಟ್ಟರೆ ಮುಹೂರ್ತವನ್ನು ಮತ್ತೆ ಮಾಡಿಸಲಾಗದು. ಪ್ರತಿ ಫೋಟೊವನ್ನೂ ಎರಡು ಕಾರ್ಡ್‌ಗೆ ಒಟ್ಟಿಗೆ ಬರೆಯುವ ಸೌಲಭ್ಯವಿರುವ ಕ್ಯಾನನ್ ಆರ್6 ಮಾರ್ಕ್ 2 ಅಥವಾ ಸೋನಿ ಎ7 3ರಂಥ ಬಾಡಿಗಳು ಮದುವೆ ಫೋಟೊ ತೆಗೆಯುವವರಿಗೆ ಹೊಂದುವುದು ಸೆನ್ಸರ್‌ಗಿಂತ ಫೋಕಸ್ ಮತ್ತು ಎರಡು ಕಾರ್ಡ್ ಎಂಬ ಈ ಎರಡು ಕಾರಣಗಳಿಗೆ.

ಹೊಸ ಬಾಡಿ ಹೊಸ ತೊಡಕನ್ನೂ ತರಬಹುದು. ಮಿರರ್‌ಲೆಸ್‌ನಲ್ಲಿ ಸದ್ದಿಲ್ಲದ ಎಲೆಕ್ಟ್ರಾನಿಕ್ ಷಟರ್ ಬಳಸಿದಾಗ ಮಂಟಪದ ಎಲ್‌ಇಡಿ ದೀಪಗಳ ಕೆಳಗೆ ಫೋಟೊದಲ್ಲಿ ಕಪ್ಪು ಪಟ್ಟೆಗಳು ಬೀಳುವುದುಂಟು. ನಮ್ಮ ಕರೆಂಟ್ 50 ಹರ್ಟ್ಸ್‌ನದು. ಅಗ್ಗದ ದೀಪಗಳು ಸೆಕೆಂಡಿಗೆ ನೂರು ಸಲ ಮಿನುಗುತ್ತವೆ. ಷಟರ್ ವೇಗವನ್ನು 1/50 ಅಥವಾ 1/100ಕ್ಕೆ ಇಟ್ಟು ಮೆಕ್ಯಾನಿಕಲ್ ಷಟರ್ ಬಳಸಿದರೆ ಪಟ್ಟೆ ಬಹುಪಾಲು ಹೋಗುತ್ತದೆ. ಇದು ಗೊತ್ತಿಲ್ಲದೆ ದುಬಾರಿ ಬಾಡಿಯನ್ನು ಮೊದಲ ಮದುವೆಗೇ ಒಯ್ಯುವುದು ಅಪಾಯ.

ಕಾಡು, ಹೊಲಗಳ ಫೋಟೊಗ್ರಫಿಯಲ್ಲಿ ಲೆಕ್ಕ ತಲೆಕೆಳಗಾಗುತ್ತದೆ. ಹಂಪಿಗೆ ಹತ್ತಿರದ ದರೋಜಿ ಕರಡಿಧಾಮ 1994ರಲ್ಲಿ ಘೋಷಣೆಯಾದದ್ದು. ಅಲ್ಲಿ ಕರಡಿಗಳು ಗುಡ್ಡ ಇಳಿದು ಬರುವುದು ಬಿಸಿಲು ಇಳಿದ ಮೇಲೆ, ನೋಡುವುದು ದೂರದ ವೀಕ್ಷಣಾ ಗೋಪುರದಿಂದ. ಮೈ ಕಪ್ಪು, ಬೆಳಕು ಮಂದ, ದೂರ ಹೆಚ್ಚು. ಮಂದ ಬೆಳಕಿಗೆ ಫುಲ್ ಫ್ರೇಮ್ ಒಳ್ಳೆಯದೆಂದು ಬಾಡಿಯೊಂದನ್ನೇ ಬದಲಿಸಿದರೆ, ಅದೇ 250 ಮಿ.ಮೀ. ಲೆನ್ಸಿನಲ್ಲಿ ಕರಡಿ ಮೊದಲಿಗಿಂತ ಚಿಕ್ಕದಾಗಿ ಕಾಣುತ್ತದೆ. ಕ್ರಾಪ್ ಸೆನ್ಸರ್‌ನ ಅಳತೆಗೆ ಕತ್ತರಿಸಿದರೆ 24 ಮೆಗಾಪಿಕ್ಸೆಲ್‌ನಲ್ಲಿ ಉಳಿಯುವುದು ಒಂಬತ್ತಕ್ಕಿಂತ ಸ್ವಲ್ಪ ಹೆಚ್ಚು. ಕ್ರಾಪ್ ಸೆನ್ಸರ್‌ಗೆಂದೇ ಮಾಡಿದ ಕ್ಯಾನನ್‌ನ ಇಎಫ್-ಎಸ್ ಲೆನ್ಸ್‌ಗಳು ಫುಲ್ ಫ್ರೇಮ್ ಡಿಎಸ್‌ಎಲ್‌ಆರ್‌ಗೆ ಕೂರುವುದೇ ಇಲ್ಲ. ಮಿರರ್‌ಲೆಸ್‌ಗೆ ಅಡಾಪ್ಟರ್ ಹಾಕಿ ಕೂರಿಸಿದರೂ ಸೆನ್ಸರ್‌ನ ನಡುಭಾಗವಷ್ಟೇ ಬಳಕೆಯಾಗುತ್ತದೆ. ಸಿರುಗುಪ್ಪದ ಎರೆ ಹೊಲಗಳಲ್ಲಿ ಕಾಣಿಸಿಕೊಂಡಿರುವ ಎರೆಭೂತ ಹಕ್ಕಿಯ ವಿಷಯದಲ್ಲಿ ಇದು ಇನ್ನೂ ಮುಖ್ಯ. ಅಳಿವಿನ ಅಂಚಿಗೆ ಬಂದ ಆ ಹಕ್ಕಿಯ ಹತ್ತಿರ ಹೋಗುವುದೇ ತಪ್ಪು. ಹಾಗಾಗಿ ಹಣ ಹೋಗಬೇಕಾದದ್ದು 500 ಅಥವಾ 600 ಮಿ.ಮೀ.ಗೆ ಮುಟ್ಟುವ ಲೆನ್ಸಿಗೆ. ಕ್ರಾಪ್ ಸೆನ್ಸರ್ ಇಲ್ಲಿ ಕೊರತೆ ಅಲ್ಲ, ಅನುಕೂಲ.

ಶಾಸನ, ಶಿಲ್ಪಗಳನ್ನು ದಾಖಲಿಸುವವರಿಗೆ ಬಾಡಿಯ ಪ್ರಶ್ನೆಯೇ ಬಹುಪಾಲು ಏಳುವುದಿಲ್ಲ. ಬಳ್ಳಾರಿ ತಾಲ್ಲೂಕಿನ ಕೊಳಗಲ್ಲಿನಲ್ಲಿ 967ರ ಒಂದು ಶಾಸನವಿದೆ. ರಾಷ್ಟ್ರಕೂಟ ಮೂರನೆಯ ಕೃಷ್ಣ ತೀರಿಕೊಂಡು ಖೊಟ್ಟಿಗ ಪಟ್ಟಕ್ಕೆ ಬಂದದ್ದನ್ನು ಅದು ತಿಳಿಸುತ್ತದೆ. ಗೌಡ ದೇಶದಿಂದ ಬಂದ ಗದಾಧರನೆಂಬ ತಪಸ್ವಿಯ ಹೆಸರೂ ಅದರಲ್ಲಿದೆ. ಇಂಥ ಸವೆದ ಅಕ್ಷರಗಳನ್ನು ನಡುಮಧ್ಯಾಹ್ನದ ನೆತ್ತಿಯ ಬಿಸಿಲಿನಲ್ಲಿ ಅಥವಾ ಕ್ಯಾಮೆರಾದ ಮೇಲೇ ಇರುವ ಫ್ಲಾಶ್‌ನಿಂದ ನೇರವಾಗಿ ತೆಗೆದರೆ, ಎಷ್ಟು ದುಬಾರಿ ಬಾಡಿಯಾದರೂ ಕಲ್ಲು ಚಪ್ಪಟೆಯಾಗಿ ಕಾಣುತ್ತದೆ. ಫ್ಲಾಶ್ ಅನ್ನು ಬಿಡಿಸಿ ಕಲ್ಲಿನ ಒಂದು ಬದಿಯಿಂದ, ಮೇಲ್ಮೈಗೆ ಸವರಿಕೊಂಡು ಹೋಗುವಂತೆ ಬೆಳಕು ಹಾಯಿಸಿದರೆ, ಕೊರೆದ ಗೆರೆಯ ಒಂದು ಅಂಚು ಬೆಳಗಿ ಇನ್ನೊಂದು ನೆರಳಾಗಿ ಅಕ್ಷರ ಎದ್ದು ನಿಲ್ಲುತ್ತದೆ. ಎಡದಿಂದ ಒಂದು, ಬಲದಿಂದ ಒಂದು, ಮೇಲಿನಿಂದ ಒಂದು ಎಂದು ತೆಗೆದಿಟ್ಟರೆ ಒಂದರಲ್ಲಿ ಮರೆಯಾದ ಗೆರೆ ಇನ್ನೊಂದರಲ್ಲಿ ಸಿಗುತ್ತದೆ. ಕಲ್ಲು ಅಲುಗದು, ಟ್ರೈಪಾಡ್ ಇದ್ದರೆ ಐಎಸ್‌ಒ 100ರಲ್ಲೇ ಕೆಲಸ ನಡೆಯುತ್ತದೆ. ದೊಡ್ಡ ಶಾಸನವಾದರೆ ಭಾಗಭಾಗವಾಗಿ ತೆಗೆದು ಜೋಡಿಸಬಹುದು.

ದಾಖಲೆಗೆ ಬಾಡಿ ಮುಖ್ಯವಲ್ಲ ಎಂಬ ಮಾತಿಗೆ ಹಂಪಿಯ ಚಿತ್ರಗಳ ಇತಿಹಾಸ ಪೂರಕ. ಅಲೆಕ್ಸಾಂಡರ್ ಗ್ರೀನ್‌ಲಾ 1856ರಲ್ಲಿ ಮೇಣದ ಕಾಗದದ ನೆಗೆಟಿವ್‌ಗಳಲ್ಲಿ ಹಂಪಿಯನ್ನು ಸೆರೆಹಿಡಿದ. 1980ರ ದಶಕದಲ್ಲಿ ಆಸ್ಟ್ರೇಲಿಯದ ಜಾನ್ ಗಾಲಿಂಗ್ಸ್ ಅವೇ ಜಾಗಗಳಲ್ಲಿ ನಿಂತು ಅವೇ ನೋಟಗಳನ್ನು ಮತ್ತೆ ತೆಗೆದರು. ನಡುವಿನ ಶತಮಾನಕ್ಕೂ ಮಿಕ್ಕ ಕಾಲದಲ್ಲಿ ಯಂತ್ರ ಗುರುತು ಸಿಗದಷ್ಟು ಬದಲಾಗಿತ್ತು. ಆದರೂ ಯಾವ ಕಟ್ಟಡ ಉಳಿದಿದೆ, ಯಾವುದು ಕುಸಿದಿದೆ ಎಂದು ಎರಡನ್ನೂ ಪಕ್ಕಪಕ್ಕ ಇಟ್ಟು ಓದಲು ಸಾಧ್ಯವಾದದ್ದು ನಿಂತ ಜಾಗವನ್ನು ಸರಿಯಾಗಿ ಹಿಡಿದದ್ದರಿಂದ.

ವಿಡಿಯೊ ಕೆಲಸಕ್ಕೂ ಹಳೆಯ ಬಾಡಿ ನಿಜಕ್ಕೂ ಅಡ್ಡಿ. ಕುರುಗೋಡಿನ ದೊಡ್ಡಬಸವೇಶ್ವರನ ತೇರು ಎಳೆಯುವಾಗ ಜನ, ಹಗ್ಗ, ಎಸೆಯುವ ಉತ್ತತ್ತಿ, ಬಾಳೆಹಣ್ಣು ಎಲ್ಲವೂ ಚಲನೆಯಲ್ಲಿರುತ್ತವೆ. 1500ಡಿಯಲ್ಲಿ ವಿಡಿಯೊ ಫುಲ್ ಎಚ್‌ಡಿಗೆ ನಿಲ್ಲುತ್ತದೆ, ಒಂದು ತುಣುಕು ಅರ್ಧ ಗಂಟೆ ದಾಟದು, ಚಲಿಸುವ ವಸ್ತುವಿನ ಮೇಲೆ ಫೋಕಸ್ ತಡಕಾಡುತ್ತದೆ. ಲೆನ್ಸ್ ಬದಲಿಸಿದರೆ ಇದು ಸರಿಯಾಗುವುದಿಲ್ಲ. ಆದರೆ ಬದಲಿಸುವಾಗ ಇಲ್ಲಿನ ಬಿಸಿಲನ್ನು ಲೆಕ್ಕಕ್ಕೆ ತೆಗೆದುಕೊಳ್ಳಬೇಕು. ಕ್ಯಾನನ್ ಆರ್5 2020ರಲ್ಲಿ ಬಂದಾಗ 8ಕೆ ವಿಡಿಯೊಗೆ ಕಂಪನಿಯೇ ಹೇಳಿದ ಮಿತಿ 23 ಡಿಗ್ರಿ ಉಷ್ಣಾಂಶದಲ್ಲಿ 20 ನಿಮಿಷ. ಬಳ್ಳಾರಿಯ ಬೇಸಿಗೆ 40 ಡಿಗ್ರಿ ದಾಟುತ್ತದೆ. ಸಂಡೂರು ಕಡೆಯ ಅದಿರಿನ ಕೆಂದೂಳು, ಸಿರುಗುಪ್ಪದ ಅಕ್ಕಿ ಗಿರಣಿಗಳ ಹೊಟ್ಟಿನ ದೂಳು ಇರುವ ಕಡೆ ಬಾಡಿಗೂ ಲೆನ್ಸಿಗೂ ದೂಳು ತಡೆಯುವ ಸೀಲಿಂಗ್ ಇದ್ದರೆ ಲಾಭ. ತೆರೆದ ಬಯಲಿನಲ್ಲಿ ಲೆನ್ಸ್ ಬದಲಿಸುವ ಅಭ್ಯಾಸ ಬಿಟ್ಟರೆ ಅದಕ್ಕಿಂತ ಹೆಚ್ಚು ಲಾಭ.

ಬಾಡಿ ಬದಲಿಸುವುದೇ ಸರಿ ಎಂದಾದಾಗ ಹಳೆಯ ಲೆನ್ಸ್‌ಗಳ ಗತಿ ನೋಡಬೇಕು. ಕ್ಯಾನನ್‌ನ ಇಎಫ್ ಲೆನ್ಸ್ ವ್ಯವಸ್ಥೆ 1987ರದು, ನಿಕಾನ್‌ನ ಎಫ್ ಮೌಂಟ್ 1959ರದು. ಎರಡೂ ಕಂಪನಿಗಳು 2018ರಲ್ಲಿ ಫುಲ್ ಫ್ರೇಮ್ ಮಿರರ್‌ಲೆಸ್‌ಗೆ ಹೊಸ ಮೌಂಟ್ ತಂದವು. ಕ್ಯಾನನ್‌ನ ಹಳೆಯ ಇಎಫ್ ಲೆನ್ಸ್‌ಗಳು ಅಡಾಪ್ಟರ್ ಮೂಲಕ ಫೋಕಸ್ ಸಮೇತ ಕೆಲಸ ಮಾಡುತ್ತವೆ. ನಿಕಾನ್‌ನಲ್ಲಿ, ತನ್ನೊಳಗೆ ಮೋಟರ್ ಇಲ್ಲದ ಹಳೆಯ ಎಎಫ್-ಡಿ ಲೆನ್ಸ್‌ಗಳು ಕಂಪನಿಯ ಎಫ್‌ಟಿಝಡ್ ಅಡಾಪ್ಟರ್‌ನಲ್ಲಿ ಕೂರುತ್ತವೆ, ಆದರೆ ಕೈಯಲ್ಲೇ ಫೋಕಸ್ ಮಾಡಬೇಕು.

ಹಣದ ವಿಚಾರದಲ್ಲಿ ಕೇಳಬೇಕಾದದ್ದು ಬೆಲೆ ಎಷ್ಟು ಎಂದಲ್ಲ, ಎಷ್ಟು ದಿನ ಬಳಕೆ ಎಂದು. ಉದಾಹರಣೆಗೆ, ಹಳೆಯದನ್ನು ಮಾರಿ ಬಂದದ್ದು ಕಳೆದು ಹೊಸ ಬಾಡಿ, ಲೆನ್ಸಿಗೆ ಎರಡೂಕಾಲು ಲಕ್ಷ ಬೇಕು, ಅದೇ ಸಾಮಾನು ದಿನಕ್ಕೆ ಮೂರು ಸಾವಿರಕ್ಕೆ ಬಾಡಿಗೆಗೆ ಸಿಗುತ್ತದೆ ಎಂದುಕೊಂಡರೆ, 75 ದಿನದ ಕೆಲಸಕ್ಕೆ ಎರಡೂ ಸಮ. ವರ್ಷಕ್ಕೆ ಹತ್ತು ಹದಿನೈದು ಮದುವೆ ಹಿಡಿಯುವವರಿಗೆ ಬಾಡಿಗೆಯೇ ಮೇಲು, ಐವತ್ತು ಹಿಡಿಯುವವರಿಗೆ ಕೊಳ್ಳುವುದೇ ಮೇಲು. 2019ರ ಜನವರಿಯಲ್ಲಿ ಡಿಜಿಟಲ್ ಕ್ಯಾಮೆರಾ ಮೇಲಿನ ಜಿಎಸ್‌ಟಿ ಶೇಕಡಾ 28ರಿಂದ 18ಕ್ಕೆ ಇಳಿಯಿತು. ನೋಂದಣಿ ಇರುವ ಸ್ಟುಡಿಯೊ ಬಿಲ್ ಸಮೇತ ಕೊಂಡರೆ ಆ ತೆರಿಗೆಯನ್ನು ತಾನು ಕಟ್ಟಬೇಕಾದ ತೆರಿಗೆಯಲ್ಲಿ ಹೊಂದಿಸಿಕೊಳ್ಳಬಹುದು. ಬಿಲ್ ಇಲ್ಲದೆ ಅಗ್ಗಕ್ಕೆ ಸಿಗುವ ಹೊರದೇಶದ ಮಾಲಿಗೆ ಇಲ್ಲಿನ ವಾರಂಟಿ ಸಿಗದು. ಸೆಕೆಂಡ್ ಹ್ಯಾಂಡ್ ಕೊಳ್ಳುವವರು ಷಟರ್ ಎಷ್ಟು ಸಲ ಓಡಿದೆ ಎಂಬುದನ್ನೂ, ಬಿಳಿ ಗೋಡೆಯನ್ನು ಎಫ್/16ರಲ್ಲಿ ತೆಗೆದು ಸೆನ್ಸರ್ ಮೇಲೆ ದೂಳು ಕೂತಿದೆಯೇ ಎಂಬುದನ್ನೂ ನೋಡಬೇಕು.

ಒಟ್ಟಿನಲ್ಲಿ, ಫೋಕಸ್ ತಪ್ಪಿ ಮುಖ್ಯ ಗಳಿಗೆಗಳು ಕೈತಪ್ಪುತ್ತಿದ್ದರೆ, ಎರಡು ಕಾರ್ಡ್‌ನ ಭದ್ರತೆ ಬೇಕಿದ್ದರೆ, ವಿಡಿಯೊ ಕೆಲಸ ಹೆಚ್ಚಿದ್ದರೆ ಬಾಡಿ ಬದಲಿಸುವುದು ಸರಿ. ನಾಯ್ಸ್‌ನ ದೂರಿಗೆ ಮೊದಲ ಮದ್ದು ಎಫ್/1.8 ಲೆನ್ಸ್, ಆಮೇಲೆ ಫ್ಲಾಶ್. ದೂರದ ಪ್ರಾಣಿ ಪಕ್ಷಿಗೆ ಉದ್ದನೆಯ ಲೆನ್ಸ್. ಕಲ್ಲಿಗೆ ಟ್ರೈಪಾಡ್ ಮತ್ತು ಬದಿಯ ಬೆಳಕು. ಮೆಗಾಪಿಕ್ಸೆಲ್ ಒಂದನ್ನೇ ನೋಡಿ ಬಾಡಿ ಬದಲಿಸಲು, ಆಲ್ಬಂ ಕೆಲಸ ಮಾಡುವವರಿಗೆ ಸಮರ್ಥ ಕಾರಣ ಇಲ್ಲ.