ಗಡಿಯ ಸಾಹಸಕಥೆ, ಮಕ್ಕಳ ಗದ್ಯ: ರಾಯಣ್ಣನ ಕಥನದ ಪದಕೋಶ ಮತ್ತು ಕ್ರಿಯಾರೂಪ

ಫೆನಿಮೋರ್ ಕೂಪರನ ‘ದಿ ಲಾಸ್ಟ್ ಆಫ್ ದಿ ಮೊಹಿಕನ್ಸ್’ (1826) ಎಳೆಯರಿಗಾಗಿ ಮತ್ತೆ ಮತ್ತೆ ಸಂಕ್ಷೇಪಗೊಂಡಿರುವ ಗಡಿಸೀಮೆಯ ಸಾಹಸ ಕಾದಂಬರಿ. ಅದರ ಬೇಟೆಗಾರ ನ್ಯಾಟಿ ಬಂಪೊ ಆಡುನುಡಿಯವನು. ಸೇನಾಧಿಕಾರಿಗಳದು ಗ್ರಾಂಥಿಕ ಇಂಗ್ಲಿಷ್. ಕೂಪರನ ಪಾತ್ರಗಳ ಮಾತು ಒಂದೇ ಹದದಲ್ಲಿ ನಿಲ್ಲುವುದಿಲ್ಲವೆಂದು ಮಾರ್ಕ್ ಟ್ವೈನ್ 1895ರಲ್ಲಿ ಹಳಿದನು. ಗಡಿಕಥೆಯಲ್ಲಿ ಯಾರು ಯಾವ ನುಡಿಯನ್ನಾಡುತ್ತಾರೆಂಬುದೂ ಕಥೆಯ ಅಂಗವೇ ಎಂಬ ತಿಳಿವು ಆ ಟೀಕೆಯಲ್ಲಿದೆ. ಈ ತಿಳಿವಿನಿಂದ ನಾವು ಕಿತ್ತೂರು ಸೀಮೆಯ ಸಂಗೊಳ್ಳಿ ರಾಯಣ್ಣನ ಕಥನವನ್ನು ಪರಿಶೀಲಿಸುತ್ತೇವೆ.

1824ರಲ್ಲಿ ಕಿತ್ತೂರಿನ ಕೋಟೆ ಬಿದ್ದಿತು. ರಾಣಿ ಚೆನ್ನಮ್ಮ ಬೈಲಹೊಂಗಲದ ಸೆರೆಯಲ್ಲಿ 1829ರಲ್ಲಿ ತೀರಿಕೊಂಡಳು. ಬಂಡೆದ್ದ ರಾಯಣ್ಣನನ್ನು 1831ರಲ್ಲಿ ನಂದಗಡದಲ್ಲಿ ಗಲ್ಲಿಗೇರಿಸಲಾಯಿತು. ಈ ಕಥೆಯನ್ನು ಮೊದಲು ಉಳಿಸಿದ್ದು ಲಾವಣಿ. ಜೆ. ಎಫ್. ಫ್ಲೀಟ್ 1880ರ ದಶಕದಲ್ಲಿ ‘ಇಂಡಿಯನ್ ಆಂಟಿಕ್ವರಿ’ಯಲ್ಲಿ ಪ್ರಕಟಿಸಿದ ಕನ್ನಡ ಲಾವಣಿಗಳಲ್ಲಿ ರಾಯಣ್ಣನದೂ ಒಂದು.

ಮಕ್ಕಳಿಗಾಗಿ ಬರೆದ ಗದ್ಯರೂಪಗಳಲ್ಲಿ ಸಾಮಾನ್ಯವಾಗಿ ಎರಡು ಮಾರ್ಪಾಡುಗಳು ಕಾಣುತ್ತವೆ. ಮೊದಲನೆಯದು ಪದಕೋಶದ್ದು. ರಾಯಣ್ಣ ‘ಶೇತಸನದಿ’, ಎಂದರೆ ಊರಿನ ಕಾವಲು ಸೇವೆಗೆ ಪ್ರತಿಯಾಗಿ ಭೂಮಿಯನ್ನು ಅನುಭವಿಸುವವನು. ಈ ಪದದ ಸ್ಥಾನಕ್ಕೆ ‘ಸೈನಿಕ’ ಅಥವಾ ‘ಬಂಟ’ ಬಂದೊಡನೆ ಓದು ಸುಲಭವಾಗುತ್ತದೆ, ಕಾರಣ ಮಾಯವಾಗುತ್ತದೆ. ಕಂಪನಿ ಸರಕಾರ ಆ ಭೂಮಿಗೆ ಕೈಯಿಕ್ಕಿತೆಂಬುದು ತಿಳಿಯದೆ ಸರಕಾರಿ ಕಚೇರಿಗೂ ಅದರ ಕಾಗದಪತ್ರಗಳಿಗೂ ಬೆಂಕಿಯಿಟ್ಟದ್ದೇಕೆಂಬುದು ತಿಳಿಯದು. ಉಳಿಯುವುದು ಬರಿಯ ಶೌರ್ಯ.

ಎರಡನೆಯದು ಕ್ರಿಯಾರೂಪದ್ದು. ಬೈಲಹೊಂಗಲ ಭಾಗದ ಮಾತಿನಲ್ಲಿ ‘ಬಂದ’ ಮತ್ತು ‘ಬಂದಾನ’ ಬೇರೆಬೇರೆ: ಮೊದಲನೆಯದು ಮುಗಿದ ಘಟನೆ, ಎರಡನೆಯದು ಫಲ ಇನ್ನೂ ಎದುರಿಗಿರುವ ಘಟನೆ. ಶಿಷ್ಟಗದ್ಯ ಈ ಎರಡನೆಯ ಅರ್ಥಕ್ಕೆ ‘ಬಂದಿದ್ದಾನೆ’ ಎಂಬ ರೂಪವನ್ನು ಇಟ್ಟುಕೊಂಡಿದ್ದರೂ ಕಥನದಲ್ಲಿ ಎಲ್ಲವನ್ನೂ ‘ಬಂದನು’ ಎಂದೇ ಸಮಗೊಳಿಸುತ್ತದೆ. ಕೇಳುಗರ ಕಣ್ಣೆದುರು ನಿಂತಿದ್ದ ರಾಯಣ್ಣ ಪಾಠಪುಸ್ತಕದ ಭೂತಕಾಲಕ್ಕೆ ಸರಿಯುತ್ತಾನೆ.

ಶಿಷ್ಟರೂಪ ಎಲ್ಲ ಜಿಲ್ಲೆಗಳ ಮಕ್ಕಳಿಗೂ ಎಟುಕುತ್ತದೆ ಎಂಬ ಸಮರ್ಥನೆಯನ್ನು ನಾವು ಅಲ್ಲಗಳೆಯುವುದಿಲ್ಲ. ಆದರೆ ಸವದತ್ತಿ, ರಾಮದುರ್ಗಗಳ ಮಗು ತನ್ನ ನೆಲದ ಕಥೆಯಲ್ಲಿಯೇ ತನ್ನ ಮನೆಮಾತನ್ನು ಕಾಣದಿದ್ದರೆ, ಆ ಮಾತು ಬರಹಕ್ಕೆ ಯೋಗ್ಯವಲ್ಲವೆಂಬ ಪಾಠವನ್ನೂ ಕಥೆಯ ಜೊತೆಗೆ ಕಲಿಯುತ್ತದೆ. ರಾಣಿ, ಶೇತಸನದಿ, ಕಲೆಕ್ಟರ್ ಥ್ಯಾಕರೆ ಮೂವರೂ ಒಂದೇ ಕನ್ನಡವನ್ನಾಡಿದರೆ ಅಧಿಕಾರದ ಅಂತರವೂ ಕೇಳಿಸದು.

ಆದುದರಿಂದ ನಿರೂಪಣೆ ಶಿಷ್ಟವಾಗಿರಲಿ, ಸಂಭಾಷಣೆ ಸೀಮೆಯದಾಗಿರಲಿ ಎಂಬುದು ನಮ್ಮ ಸೂಚನೆ. ‘ಶೇತಸನದಿ’, ‘ವತನ’ಗಳಂತಹ ಪದಗಳನ್ನು ಕಿತ್ತುಹಾಕದೆ, ಪಕ್ಕದ ವಾಕ್ಯದಿಂದಲೇ ಅವುಗಳ ಅರ್ಥ ಹೊಳೆಯುವಂತೆ ಬರೆಯಬಹುದು. ಸಂಕ್ಷೇಪಕಾರನು ಕಠಿಣವೆಂದು ತೆಗೆಯುವ ಪದವೇ ಕೆಲವೊಮ್ಮೆ ಬಂಡಾಯದ ಕಾರಣವನ್ನು ಹೊತ್ತಿರುತ್ತದೆ.