ರಸವಾದವೋ, ಪರುಷವೋ?

ಇಂಗ್ಲಿಷಿನ ಆಲ್ಕೆಮಿ ಎಂಬ ಪದವನ್ನು ಇಂದಿನ ಪತ್ರಿಕೆಗಳು ಕ್ರಿಕೆಟ್ ತಂಡದ ಹೊಂದಾಣಿಕೆಗೂ ಅಡುಗೆಯ ಹದಕ್ಕೂ ಸಿನಿಮಾ ಸಂಗೀತಕ್ಕೂ ಒಂದೇ ಸಲಿಗೆಯಿಂದ ಬಳಸುತ್ತವೆ. ಸಾಧಾರಣವಾದುದು ಅಸಾಧಾರಣವಾಯಿತು, ಹೇಗಾಯಿತೆಂದು ಮಾತ್ರ ಹೇಳಲಾಗದು ಎಂಬುದು ಅಲ್ಲಿನ ಅಭಿಪ್ರಾಯ. ಪದದ ಚರಿತ್ರೆಯನ್ನು ಬಲ್ಲವರಿಗೆ ಈ ಬಳಕೆ ಅರ್ಧದಷ್ಟು ಮಾತ್ರ ಒಪ್ಪಿಗೆಯಾಗುತ್ತದೆ. ಏಕೆಂದರೆ ಆ ವಿದ್ಯೆಯನ್ನು ನಂಬಿದವರು ಮೂಸೆ, ತಿದಿಗಳ ಮುಂದೆ ಆಯುಷ್ಯ ಸವೆಸಿದ್ದೇ ‘ಹೇಗೆ’ ಎಂಬ ಪ್ರಶ್ನೆಗಾಗಿ.

ಪದದ ಮೊದಲಿರುವ ‘ಅಲ್’ ಅರಬ್ಬಿಯ ನಿರ್ದೇಶಕ ಪ್ರತ್ಯಯ, ಉಳಿದ ‘ಕೀಮಿಯಾ’ ಗ್ರೀಕಿನಿಂದ ಅರಬ್ಬಿಗೆ ಬಂದದ್ದು. ಗ್ರೀಕಿಗೆ ಅದು ಲೋಹವನ್ನು ಕರಗಿಸಿ ಎರೆಯುವ ಕ್ರಿಯೆಯಿಂದ ಬಂತೆಂದು ಕೆಲವರೂ, ಈಜಿಪ್ಟಿನ ಕಪ್ಪು ಮಣ್ಣಿನ ಹೆಸರಿನಿಂದ ಬಂತೆಂದು ಮತ್ತೆ ಕೆಲವರೂ ವಾದಿಸುತ್ತಾರೆ. ಲ್ಯಾಟಿನ್ ಮತ್ತು ಫ್ರೆಂಚ್ ಭಾಷೆಗಳನ್ನು ಹಾದು 14ನೆಯ ಶತಮಾನದಲ್ಲಿ ಅದು ಇಂಗ್ಲಿಷಿಗೆ ಇಳಿಯಿತು. ಹುಬ್ಬಳ್ಳಿ–ಧಾರವಾಡಗಳ ನಡುವಿನ ನವನಗರದಲ್ಲಿ ಔಷಧದ ಅಂಗಡಿಯ ಫಲಕದ ಮೇಲೆ ಕಾಣುವ ‘ಕೆಮಿಸ್ಟ್’ ಎಂಬುದು ‘ಅಲ್’ ಕಳಚಿಕೊಂಡ ಅದೇ ಪದ. ಈ ಸೀಮೆಯವರ ಕಿವಿಗೆ ಪರಿಚಿತವಾದ ಮರಾಠಿಯಲ್ಲಿ ಅದೇ ಕೀಮಿಯಾ ಫಾರಸಿಯ ದಾರಿಯಿಂದ ಬಂದು ‘ಕಿಮಯಾ’ ಆಗಿ, ಬೆರಗು ಹುಟ್ಟಿಸುವ ಕೈಚಳಕ ಎಂಬ ಅರ್ಥದಲ್ಲಿ ನೆಲೆಸಿದೆ.

ಇಂಗ್ಲಿಷಿನಲ್ಲಿ ಪದಕ್ಕೆ ಮೊದಲು ಅಂಟಿಕೊಂಡದ್ದು ಮೆಚ್ಚುಗೆಗಿಂತ ಹೆಚ್ಚಾಗಿ ಗುಮಾನಿ. 14ನೆಯ ಶತಮಾನದ ಕೊನೆಯಲ್ಲಿ ಕವಿ ಚಾಸರ್ ಬರೆದ ಕಥೆಯೊಂದರಲ್ಲಿ ವಂಚಕನು ಟೊಳ್ಳು ಇದ್ದಿಲಿನೊಳಗೆ ಬೆಳ್ಳಿಯ ಪುಡಿ ತುಂಬಿ, ಬಾಯಿಗೆ ಮೇಣ ಮೆತ್ತಿ, ಬೆಂಕಿಯಲ್ಲಿ ಬೆಳ್ಳಿ ಹುಟ್ಟಿತೆಂದು ಪಾದ್ರಿಯೊಬ್ಬನನ್ನು ನಂಬಿಸುತ್ತಾನೆ. 1404ರಲ್ಲಿ ನಾಲ್ಕನೆಯ ಹೆನ್ರಿಯ ಸಂಸತ್ತು ಚಿನ್ನ, ಬೆಳ್ಳಿಗಳನ್ನು ‘ವೃದ್ಧಿಸುವುದನ್ನು’ ಘೋರ ಅಪರಾಧವೆಂದು ಸಾರಿತು. ಆ ಶಾಸನ ರದ್ದಾದದ್ದು 1689ರಲ್ಲಿ, ಅದೂ ರಾಬರ್ಟ್ ಬಾಯ್ಲ್ ಎಂಬ ವಿಜ್ಞಾನಿಯ ಪ್ರಯತ್ನದಿಂದ. 1610ರಲ್ಲಿ ರಂಗಕ್ಕೆ ಬಂದ ಬೆನ್ ಜಾನ್ಸನ್ನನ ನಾಟಕ ಈ ವಿದ್ಯೆಯ ಹೆಸರಿನಲ್ಲಿ ನಡೆಯುವ ಮೋಸವನ್ನು ನಗೆಗೀಡುಮಾಡಿತು. ಚಿನ್ನದಂತೆ ಹೊಳೆಯುವ ಅಗ್ಗದ ಮಿಶ್ರಲೋಹಕ್ಕೂ ಆಲ್ಕೆಮಿ ಎಂದೇ ಹೆಸರಿತ್ತು. 1667ರ ಮಹಾಕಾವ್ಯದಲ್ಲಿ ಮಿಲ್ಟನ್ ಆ ಲೋಹದ ಕಹಳೆಗಳಿಗೂ ಅದೇ ಪದ ಬಳಸಿದ. ಇದಕ್ಕೆಲ್ಲ ಎದುರಾಗಿ ಷೇಕ್ಸ್‌ಪಿಯರನ ‘ಜೂಲಿಯಸ್ ಸೀಸರ್’ ನಾಟಕದ ಕಾಸ್ಕಾ, ತಮ್ಮಲ್ಲಿ ಅಪರಾಧವೆನಿಸುವುದನ್ನು ಬ್ರೂಟಸನ ಬೆಂಬಲವೊಂದೇ ಗುಣವಾಗಿ ಮಾರ್ಪಡಿಸಬಲ್ಲದೆಂದು ಹೇಳುವಾಗ ಈ ಪದವನ್ನು ತರುತ್ತಾನೆ. ಇಂದಿನ ಆಲಂಕಾರಿಕ ಬಳಕೆಯ ಬೇರು ಅಷ್ಟು ಹಳೆಯದು. ಪರಮಾಣುವಿನ ಬೀಜವನ್ನು ಒಡೆದು ಒಂದು ಧಾತುವನ್ನು ಇನ್ನೊಂದಾಗಿಸುವುದನ್ನು ಕಂಡಿದ್ದ ವಿಜ್ಞಾನಿ ರುದರ್‌ಫರ್ಡ್ 1937ರಲ್ಲಿ ತನ್ನ ಪುಸ್ತಕಕ್ಕೆ ‘ಹೊಸ ಆಲ್ಕೆಮಿ’ ಎಂಬರ್ಥದ ಹೆಸರಿಟ್ಟಾಗ ಪದದ ಕಳಂಕ ಬಹುಮಟ್ಟಿಗೆ ತೊಳೆದುಹೋಗಿತ್ತು.

ಕನ್ನಡದಲ್ಲಿ ಈ ಒಂದು ಪದದ ಜಾಗದಲ್ಲಿ ಎರಡು ಪದಗಳಿವೆ, ಅವೆರಡೂ ಒಂದೇ ಅಲ್ಲ. ಮೊದಲನೆಯದಾದ ರಸವಾದದಲ್ಲಿ ‘ರಸ’ ಎಂದರೆ ಪಾದರಸ. ಅದನ್ನು ಬೇಯಿಸುವ ಸ್ವೇದನ, ಅರೆಯುವ ಮರ್ದನ ಮೊದಲಾಗಿ ಹದಿನೆಂಟು ಸಂಸ್ಕಾರಗಳನ್ನು ರಸಶಾಸ್ತ್ರ ಹೇಳುತ್ತದೆ. ಮೊದಲ ಎಂಟು ಔಷಧಕ್ಕೆ ಸಾಕಾದರೆ, ಲೋಹವನ್ನು ಭೇದಿಸಿ ಚಿನ್ನವಾಗಿಸುವ ‘ವೇಧ’ ಬರುವುದು ಹದಿನೇಳನೆಯದಾಗಿ. ವಿಜಯನಗರ ಕಾಲದ ಮಾಧವಾಚಾರ್ಯರ ಹೆಸರಿನಲ್ಲಿರುವ, 14ನೆಯ ಶತಮಾನದ ‘ಸರ್ವದರ್ಶನಸಂಗ್ರಹ’ವು ರಸೇಶ್ವರ ದರ್ಶನಕ್ಕೆ ಒಂದು ಅಧ್ಯಾಯವನ್ನೇ ಮೀಸಲಿಟ್ಟು, ರಸವನ್ನು ಮೊದಲು ಲೋಹದ ಮೇಲೆ ಪರೀಕ್ಷಿಸಿ ಆಮೇಲೆ ದೇಹಕ್ಕೆ ಬಳಸಬೇಕೆಂಬ ಆ ಪಂಥದ ಮತವನ್ನು ವಿವರಿಸುತ್ತದೆ. ಅವರಿಗೆ ಚಿನ್ನವೆಂಬುದು ಗುರಿಯಲ್ಲ, ಒರೆಗಲ್ಲಿನ ಮೇಲಿನ ಗೆರೆ; ಗುರಿಯಿದ್ದದ್ದು ಮುಪ್ಪು ಸಾವುಗಳಿಲ್ಲದ ದೇಹದಲ್ಲೇ ಮುಕ್ತಿ ಪಡೆಯುವುದು. ಆಯುರ್ವೇದ ಪದವಿಯ ಪಠ್ಯದಲ್ಲಿ ರಸಶಾಸ್ತ್ರ ಇಂದಿಗೂ ಒಂದು ವಿಷಯವಾಗಿ ಉಳಿದಿದೆ.

ಎರಡನೆಯದಾದ ಪರುಷ, ಸ್ಪರ್ಶ ಎಂಬುದರ ತದ್ಭವ. ಮುಟ್ಟಿದ ಕಬ್ಬಿಣವನ್ನು ಹೊನ್ನಾಗಿಸುವ ಕಲ್ಲು ಅದು. ಇಲ್ಲಿ ಪುಟವಿಲ್ಲ, ಮೂಸೆಯಿಲ್ಲ, ವರ್ಷಗಟ್ಟಲೆ ಕಾಯುವ ಕೆಲಸವೂ ಇಲ್ಲ. ವಚನಕಾರರು ಗುರುವಿನ ಸಂಗವನ್ನು ಹೇಳಲು ಮತ್ತೆ ಮತ್ತೆ ಪರುಷವನ್ನು ನೆನೆದರು, ಬಸವಕಲ್ಯಾಣದ ಪರುಷಕಟ್ಟೆಯ ಹೆಸರಿನಲ್ಲೂ ಅದೇ ನಂಬಿಕೆ ನಿಂತಿದೆ. ರಸವಾದವನ್ನು ಮಾತ್ರ ಅವರು ಹಾಗೆ ಕಂಡವರಲ್ಲ. ಅದನ್ನು ಕಲಿತವನು ಲೋಹವನ್ನು ಗೆದ್ದಿರಬಹುದು, ತನ್ನನ್ನು ಗೆದ್ದನೇ ಎಂಬುದು ಅವರ ತಕರಾರು.

ಈ ತಕರಾರಿನ ದೊಡ್ಡ ರೂಪಕ ವಚನಕಾರ ಅಲ್ಲಮ ಮತ್ತು ಸಿದ್ಧಯೋಗಿ ಗೋರಕ್ಷರ ಪ್ರಸಂಗ. ಚಾಮರಸನ ‘ಪ್ರಭುಲಿಂಗಲೀಲೆ’ಯಲ್ಲೂ ‘ಶೂನ್ಯಸಂಪಾದನೆ’ಯಲ್ಲೂ ಬರುವ ಈ ಪ್ರಸಂಗದಲ್ಲಿ, ಕಾಯಸಿದ್ಧಿಯಿಂದ ವಜ್ರದೇಹಿಯಾದ ಗೋರಕ್ಷನ ಮೈಗೆ ಕತ್ತಿ ತಾಗಿದಾಗ ಸದ್ದು ಏಳುತ್ತದೆ, ಗಾಯವಾಗುವುದಿಲ್ಲ; ಅದೇ ಕತ್ತಿ ಅಲ್ಲಮನನ್ನು ಹೊಡೆದಾಗ ಬಯಲಲ್ಲಿ ಬೀಸಿದಂತೆ ಹಾಯ್ದುಹೋಗುತ್ತದೆ. ಗಟ್ಟಿಯಾದದ್ದೆಲ್ಲ ಮೇಲಾದದ್ದಲ್ಲ ಎಂಬ ತೀರ್ಪು ಅದರಲ್ಲಿದೆ. ಧಾರವಾಡದ ಕರ್ನಾಟಕ ವಿಶ್ವವಿದ್ಯಾಲಯವು 1965ರಿಂದ 1972ರ ವರೆಗೆ ‘ಶೂನ್ಯಸಂಪಾದನೆ’ಯನ್ನು ಐದು ಸಂಪುಟಗಳಲ್ಲಿ ಇಂಗ್ಲಿಷಿಗೆ ತಂದಿತು, ಆದ್ದರಿಂದ ಇಂಗ್ಲಿಷ್ ಪದವನ್ನು ತೂಗಿ ನೋಡಬಯಸುವ ಇಲ್ಲಿನ ಓದುಗರಿಗೆ ಬೇಕಾದ ತಕ್ಕಡಿ ಕೈಗೆಟಕುವಷ್ಟು ಹತ್ತಿರದಲ್ಲಿದೆ.

ಹಾಗಾಗಿ ಆಲ್ಕೆಮಿಯನ್ನು ಕನ್ನಡಕ್ಕೆ ತರುವವರು ಮೊದಲು ಕೇಳಿಕೊಳ್ಳಬೇಕಾದದ್ದು, ಬದಲಾದ ವಸ್ತು ಯಾವುದು, ಬದಲಿಸಿದ್ದು ಯಾವುದು, ಬದಲಾವಣೆ ಒರೆಗೆ ನಿಂತೀತೇ ಎಂಬುದನ್ನು. ತರಬೇತುದಾರನೊಬ್ಬ ವರ್ಷಗಟ್ಟಲೆ ತಿದ್ದಿ ತೀಡಿ ತಂಡ ಕಟ್ಟಿದ್ದರೆ ಅದನ್ನು ರಸವಾದವೆನ್ನುವುದು ಸರಿ. ಹೊಸ ಆಟಗಾರನೊಬ್ಬ ಬಂದೊಡನೆ ಉಳಿದ ಹತ್ತು ಮಂದಿಯ ಆಟ ಬೆಳಗಿದರೆ ಪರುಷವೆನ್ನಬೇಕು. ಲೆಕ್ಕಪತ್ರ ತಿರುಚಿ ನಷ್ಟವನ್ನು ಲಾಭವೆಂದು ತೋರಿಸಿದ ಕಂಪನಿಯ ಕೆಲಸವನ್ನು ಚಾಸರನ ಇದ್ದಿಲನ್ನು ನೆನೆದು ಕಣ್ಕಟ್ಟು ಎಂದರೆ ಸಾಕು. ಈ ಮೂರರಲ್ಲಿ ಯಾವುದೂ ಅಲ್ಲದ ಕಡೆ ಅದೃಷ್ಟ ಎಂದು ಬರೆಯುವುದೇ ಪ್ರಾಮಾಣಿಕ.